ಜ್ಯೇಷ್ಠೆಯ ಜೊತೆಗಾರರು: ವೃಶ್ಚಿಕ ರಾಶಿಯ ಬಣ್ಣದ ಬಹುತಾರೆಗಳು

ವೃಶ್ಚಿಕ ರಾಶಿಯ ಎದೆಯಲ್ಲಿ ಕೆಂಪಗೆ ಹೊಳೆಯುವ ಜ್ಯೇಷ್ಠಾ ನಕ್ಷತ್ರ ಬರಿಗಣ್ಣಿಗೆ ಒಂದೇ ಚುಕ್ಕೆ. ಗಾಳಿ ಶಾಂತವಾಗಿರುವ ರಾತ್ರಿ ಆರು ಅಂಗುಲದ ದೂರದರ್ಶಕದಲ್ಲಿ ಅದರ ಪಶ್ಚಿಮದ ಅಂಚಿಗೆ ಅಂಟಿಕೊಂಡಂತೆ ಇನ್ನೊಂದು ಸಣ್ಣ ಚುಕ್ಕೆ ಕಾಣುತ್ತದೆ. ನೋಡಿದವರಲ್ಲಿ ಬಹಳಷ್ಟು ಮಂದಿ ಆ ಚುಕ್ಕೆಯ ಬಣ್ಣ ಹಸಿರು ಎಂದು ಬರೆದಿಟ್ಟಿದ್ದಾರೆ. ಅದೇ ರಾಶಿಯ ತಲೆಯ ಭಾಗದ ನ್ಯೂ ಸ್ಕಾರ್ಪಿಯೈ ಎಂಬ ಮಂಕು ತಾರೆ ಸಣ್ಣ ದೂರದರ್ಶಕದಲ್ಲಿ ಎರಡಾಗಿ, ತುಸು ದೊಡ್ಡದರಲ್ಲಿ ಮೂರಾಗಿ, ಇನ್ನೂ ಒಳ್ಳೆಯದರಲ್ಲಿ ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ. ರಾಶಿಯ ಉತ್ತರದ ಗಡಿಯಲ್ಲಿರುವ ಕ್ಸೈ ಸ್ಕಾರ್ಪಿಯೈ ಎಂಬಲ್ಲಿ ಹಳದಿ ಮತ್ತು ಕಿತ್ತಳೆ ಬಣ್ಣದ ಐದು ತಾರೆಗಳು ಒಂದೇ ನೋಟದಲ್ಲಿ ಸಿಗುತ್ತವೆ. ಪರಸ್ಪರ ಗುರುತ್ವದಿಂದ ಬಂಧಿತವಾಗಿ ಒಂದರ ಸುತ್ತ ಒಂದು ಸುತ್ತುವ ಇಂಥ ಗುಂಪುಗಳಿಗೆ ಬಹುತಾರಾ ವ್ಯವಸ್ಥೆ ಎಂದು ಹೆಸರು. ಹವ್ಯಾಸಿಗಳ ಸಾಧಾರಣ ಉಪಕರಣಕ್ಕೆ ಬಣ್ಣಸಮೇತ ದಕ್ಕುವ ಇಂಥ ವ್ಯವಸ್ಥೆಗಳು ವೃಶ್ಚಿಕದಲ್ಲಿರುವಷ್ಟು ಒತ್ತೊತ್ತಾಗಿ ಸಿಗುವ ಆಕಾಶಭಾಗಗಳು ಕಡಿಮೆ.

ಬೆಳಗಾವಿ ಸೀಮೆಯ ಸಂಗೊಳ್ಳಿಯ ಅಕ್ಷಾಂಶ ಹದಿನಾರು ಡಿಗ್ರಿಗಿಂತ ಸ್ವಲ್ಪ ಕಡಿಮೆ. ವೃಶ್ಚಿಕವನ್ನು ನೋಡಲು ಇದು ದೊಡ್ಡ ಅನುಕೂಲ. ಜ್ಯೇಷ್ಠಾ ಇಲ್ಲಿ ನೇರ ದಕ್ಷಿಣಕ್ಕೆ ಬಂದಾಗ ದಿಗಂತದಿಂದ ಸುಮಾರು 48 ಡಿಗ್ರಿ ಎತ್ತರದಲ್ಲಿರುತ್ತದೆ. ನ್ಯೂ ಸ್ಕಾರ್ಪಿಯೈ 55 ಡಿಗ್ರಿ, ಕ್ಸೈ 63 ಡಿಗ್ರಿ. ಲಂಡನ್ನಿನಲ್ಲಿ ಜ್ಯೇಷ್ಠೆಯ ಗರಿಷ್ಠ ಎತ್ತರ 12 ಡಿಗ್ರಿ ಮಾತ್ರ. ಅಷ್ಟು ಕೆಳಗಿನಿಂದ ಬರುವ ಬೆಳಕು ಇಲ್ಲಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದಪ್ಪದ ಗಾಳಿಯನ್ನು ಹಾಯ್ದು ಬರಬೇಕಾಗುತ್ತದೆ. ಚುಕ್ಕೆ ಕದಡುತ್ತದೆ, ನೀಲಿ ಬೆಳಕು ದಾರಿಯಲ್ಲೇ ಚದುರಿಹೋಗುತ್ತದೆ. ಗಾಳಿಯ ಪದರ ಅಶ್ರಗದಂತೆ ವರ್ತಿಸುವುದರಿಂದ ಒಂದೇ ತಾರೆಯ ಮೇಲಂಚು ನೀಲಿಯಾಗಿ, ಕೆಳಗಿನ ಅಂಚು ಕೆಂಪಾಗಿ ಕಾಣುತ್ತದೆ. ಬಣ್ಣದ ಜೋಡಿಗಳ ಬಗ್ಗೆ ಯುರೋಪಿನ ಹಳೆಯ ಪುಸ್ತಕಗಳಲ್ಲಿ ಬರುವ ವಿಚಿತ್ರ ವರ್ಣನೆಗಳಲ್ಲಿ ಒಂದಷ್ಟು ಪಾಲು ಈ ಗಾಳಿಗೆ ಸಲ್ಲಬೇಕು.

ಅನುಕೂಲದ ಜೊತೆಗೆ ಒಂದು ಅಡ್ಡಿಯೂ ಇದೆ. ಮಳೆ ನಕ್ಷತ್ರಗಳ ಹೆಸರುಗಳು ಸೂರ್ಯ ಆಯಾ ಕಾಲಕ್ಕೆ ಯಾವ ನಕ್ಷತ್ರದ ಬಳಿ ಇರುತ್ತಾನೆ ಎಂಬುದರ ಮೇಲೆ ನಿಂತಿವೆ. ಮೇ ತಿಂಗಳ ಕೊನೆಗೆ ರೋಹಿಣಿ ಮಳೆ ಹೂಡುವಾಗ ಸೂರ್ಯ ರೋಹಿಣಿಯ ಕಡೆ ಇರುತ್ತಾನೆ. ಜೂನ್ ಮೊದಲ ವಾರ ಕಳೆದ ಮೇಲೆ ಮಿರಗ, ಅಂದರೆ ಮೃಗಶಿರಾ. ಆಕಾಶದಲ್ಲಿ ರೋಹಿಣಿಗೆ ಹೆಚ್ಚುಕಡಿಮೆ ನೇರ ಎದುರಿಗಿರುವ ತಾರೆಯೇ ಜ್ಯೇಷ್ಠಾ. ಆದ್ದರಿಂದ ರೋಹಿಣಿ ಮಳೆಯ ದಿನಗಳಲ್ಲಿ ಅದು ಹೊತ್ತು ಮುಳುಗಿದಾಗ ಮೂಡಿ, ನಡುರಾತ್ರಿ ನೆತ್ತಿಯ ದಕ್ಷಿಣಕ್ಕೆ ಬಂದು, ಬೆಳಗಾಗುವಾಗ ಮುಳುಗುತ್ತದೆ. ರಾತ್ರಿಯಿಡೀ ಕಾಣಬೇಕಾದ ಆ ದಿನಗಳಲ್ಲೇ ಬೈಲಹೊಂಗಲ, ಕಿತ್ತೂರು ಕಡೆಯ ಆಗಸಕ್ಕೆ ಮೋಡ ಕವಿಯಲು ಶುರುವಾಗುತ್ತದೆ. ಹೀಗಾಗಿ ವೃಶ್ಚಿಕವನ್ನು ಇಲ್ಲಿ ಮುಂಗಾರಿಗೆ ಮೊದಲೇ ನೋಡಿಕೊಳ್ಳಬೇಕು. ಮಾರ್ಚ್ ನಡುವಿನಲ್ಲಿ ಅದು ನಸುಕಿನ ಐದೂವರೆಗೆ ದಕ್ಷಿಣದಲ್ಲಿರುತ್ತದೆ. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ ಮೂಡಿ ಮೂರೂವರೆಗೆ ಅದೇ ಎತ್ತರ ಮುಟ್ಟುತ್ತದೆ. ಮೇ ಮಧ್ಯಕ್ಕೆ ಆ ಹೊತ್ತು ಒಂದೂವರೆಗೆ ಇಳಿಯುತ್ತದೆ.

ಜ್ಯೇಷ್ಠ ಮಾಸದ ಹುಣ್ಣಿಮೆಯಾದ ಕಾರ ಹುಣ್ಣಿಮೆಗೂ ಈ ತಾರೆಗೂ ನೇರ ನಂಟಿದೆ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರಿಗಿರುವುದರಿಂದ, ಆ ತಿಂಗಳ ಹುಣ್ಣಿಮೆಯಂದು ಅವನು ಜ್ಯೇಷ್ಠಾ ನಕ್ಷತ್ರದಲ್ಲೋ ಅದರ ಆಚೀಚೆಯೋ ಇರುತ್ತಾನೆ. ಮಾಸಕ್ಕೆ ಜ್ಯೇಷ್ಠವೆಂದು ಹೆಸರಾದದ್ದು ಹಾಗೆ. ಎತ್ತುಗಳನ್ನು ಸಿಂಗರಿಸಿ ಕರಿ ಹರಿದು ಮುಗಿದ ಮೇಲೆ, ಮೋಡವಿಲ್ಲದಿದ್ದರೆ, ಚಂದ್ರನ ನೆರೆಯಲ್ಲಿ ಆ ಕೆಂಪು ಚುಕ್ಕೆಯನ್ನು ಯಾರು ಬೇಕಾದರೂ ಗುರುತಿಸಬಹುದು. ಚಂದ್ರ ಈ ತಾರೆಯ ಅಷ್ಟು ಹತ್ತಿರ ಹಾಯುತ್ತಾನೆಂಬ ಸಂಗತಿಯಿಂದಲೇ ಅದರ ಜೊತೆಗಾರ ಪತ್ತೆಯಾದದ್ದು.

ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು ಐದು ಡಿಗ್ರಿ ಓರೆಯಾಗಿದೆ. ಜ್ಯೇಷ್ಠಾ ಸೂರ್ಯಪಥದಿಂದ ನಾಲ್ಕೂವರೆ ಡಿಗ್ರಿಯಷ್ಟೇ ದಕ್ಷಿಣಕ್ಕಿರುವುದರಿಂದ, ಚಂದ್ರನ ಓರೆದಾರಿ ಅನುಕೂಲವಾಗಿ ತಿರುಗಿದ ಕೆಲವು ವರ್ಷಗಳಲ್ಲಿ ಅವನು ಪ್ರತಿ ತಿಂಗಳೂ ಭೂಮಿಯ ಯಾವುದಾದರೊಂದು ಭಾಗಕ್ಕೆ ಈ ತಾರೆಯನ್ನು ಮರೆಮಾಡುತ್ತಾನೆ. 1819ರ ಏಪ್ರಿಲ್ 13ರಂದು ವಿಯೆನ್ನಾದ ಖಗೋಳಜ್ಞ ಯೋಹಾನ್ ಟೋಬಿಯಾಸ್ ಬ್ಯೂರ್ಗ್ ಇಂಥದೊಂದು ಮರೆಯಾಟವನ್ನು ನೋಡುತ್ತಿದ್ದರು. ಹುಣ್ಣಿಮೆ ಕಳೆದು ಮೂರು ದಿನವಾಗಿತ್ತು. ಚಂದ್ರನ ಹಿಂದಿನ ಅಂಚಿಗೆ ಕತ್ತಲು ಹತ್ತಿತ್ತು. ಆ ಕತ್ತಲ ಅಂಚಿನಿಂದ ಜ್ಯೇಷ್ಠಾ ಹೊರಬರಬೇಕಾದ ಜಾಗದಲ್ಲಿ ಮೊದಲು ಕಾಣಿಸಿದ್ದು ಒಂದು ಮಂಕು ತಾರೆ. ಸುಮಾರು ಐದು ಸೆಕೆಂಡು ಅದೊಂದೇ ಇತ್ತು. ಆಮೇಲೆ ಕೆಂಪು ಬೆಳಕು ಒಮ್ಮೆಲೇ ಹೊರಚಿಮ್ಮಿ ಅದನ್ನು ನುಂಗಿಹಾಕಿತು.

ಆ ಐದು ಸೆಕೆಂಡಿಗೆ ಲೆಕ್ಕ ಕಟ್ಟುವುದು ಸುಲಭ. ಚಂದ್ರ ನಕ್ಷತ್ರಗಳ ನಡುವೆ ಪೂರ್ವಕ್ಕೆ ಸರಿಯುವ ವೇಗ ಸೆಕೆಂಡಿಗೆ ಸುಮಾರು ಅರ್ಧ ವಿಕಲೆ. ಒಂದು ಡಿಗ್ರಿಯಲ್ಲಿ ಅರವತ್ತು ಕಲೆ, ಒಂದು ಕಲೆಯಲ್ಲಿ ಅರವತ್ತು ವಿಕಲೆ. ಐದಾರು ಸೆಕೆಂಡಿನಲ್ಲಿ ಚಂದ್ರನ ಅಂಚು ಸರಿಯುವುದು ಮೂರು ವಿಕಲೆಯಷ್ಟು. ಎರಡು ತಾರೆಗಳ ನಡುವಿನ ಅಂತರವೂ ಅಷ್ಟೇ ಇದ್ದಿರಬೇಕು. ಜೊತೆಗಾರ ಪಶ್ಚಿಮದ ಬದಿಗಿರುವುದರಿಂದ ಅದೇ ಮೊದಲು ಮರೆಯಾಗುತ್ತದೆ, ಅದೇ ಮೊದಲು ಹೊರಬರುತ್ತದೆ. ಚಂದ್ರನ ಮರೆಯಿಲ್ಲದೆ ಈ ಜೋಡಿಯನ್ನು ನೇರವಾಗಿ ಬಿಡಿಸಿ ನೋಡಿದ ಹೆಗ್ಗಳಿಕೆ ಭಾರತದ ಆಕಾಶಕ್ಕೆ ಸೇರಿದೆ. 1844ರ ಜುಲೈನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಇಲ್ಲಿದ್ದ ಜೇಮ್ಸ್ ವಿಲಿಯಂ ಗ್ರಾಂಟ್ ತಮ್ಮ ದೂರದರ್ಶಕದಲ್ಲಿ ಜೊತೆಗಾರನನ್ನು ಗುರುತಿಸಿದರು. ಜೋಡಿತಾರೆಗಳ ಇಂದಿನ ಪಟ್ಟಿಗಳಲ್ಲಿ ಜ್ಯೇಷ್ಠಾ ದಾಖಲಾಗಿರುವುದು ಅವರ ಹೆಸರಿನಲ್ಲೇ. ಅದಾದ ಒಂದೆರಡು ವರ್ಷಗಳಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಆರ್ಮ್ಸ್‌ಬಿ ಮಿಚೆಲ್ ದೊಡ್ಡ ದೂರದರ್ಶಕದಿಂದ ಅದನ್ನು ತಾವಾಗಿಯೇ ಕಂಡರು.

ಈ ಜೊತೆಗಾರನ ಬಣ್ಣ ನಿಜಕ್ಕೂ ಹಸಿರೇ ಎಂಬ ಪ್ರಶ್ನೆಗೆ ಉತ್ತರ ನಕ್ಷತ್ರದಲ್ಲಿ ಅರ್ಧ, ಕಣ್ಣಿನಲ್ಲಿ ಅರ್ಧ ಇದೆ. ತಾರೆಯ ಬಣ್ಣವನ್ನು ತೀರ್ಮಾನಿಸುವುದು ಅದರ ಮೇಲ್ಮೈಯ ತಾಪ. ಜ್ಯೇಷ್ಠಾ ಸುಮಾರು 3,600 ಕೆಲ್ವಿನ್ ತಾಪದ್ದು, ಅದರ ಬೆಳಕಿನ ಬಹುಪಾಲು ಕೆಂಪು ಮತ್ತು ಅವಕೆಂಪು ಭಾಗದಲ್ಲಿದೆ. ಸೂರ್ಯನದು 5,770 ಕೆಲ್ವಿನ್. ಜ್ಯೇಷ್ಠೆಯ ಜೊತೆಗಾರನದು 18,000 ಕೆಲ್ವಿನ್‌ಗೂ ಹೆಚ್ಚು; ಅಷ್ಟು ಬಿಸಿಯಾದ ತಾರೆ ನೀಲಿ ಛಾಯೆಯ ಬಿಳುಪಾಗಿರಬೇಕು. ತಾಪದ ಈ ಏಣಿಯಲ್ಲಿ ಹಸಿರಿಗೆ ಮೆಟ್ಟಿಲಿಲ್ಲ. ಸೂರ್ಯನ ಬೆಳಕು ಅತಿ ಹೆಚ್ಚು ಪ್ರಬಲವಾಗಿರುವುದು ಹಸಿರಿನ ಆಸುಪಾಸಿನಲ್ಲೇ ಆದರೂ ಅದರ ಎರಡೂ ಬದಿಯ ಬಣ್ಣಗಳು ಧಾರಾಳವಾಗಿ ಬೆರೆತು ಬರುವುದರಿಂದ ಕಣ್ಣು ಅದನ್ನು ಬಿಳಿಯೆಂದೇ ಕಾಣುತ್ತದೆ. ಯಾವ ಒಂಟಿ ತಾರೆಯೂ ಕಣ್ಣಿಗೆ ಹಸಿರಾಗಿ ತೋರದಿರಲು ಇದೇ ಕಾರಣ.

ಹಸಿರು ಹುಟ್ಟುವುದು ನೆರೆಹೊರೆಯಿಂದ. ಕಣ್ಣಿನ ಹಿಂಪರದೆಯಲ್ಲಿ ಬಣ್ಣ ಅರಿಯುವ ಶಂಕುಕೋಶಗಳು ಮೂರು ಬಗೆಯವು. ಉಜ್ವಲವಾದ ಕೆಂಪು ಬೆಳಕನ್ನು ನೋಡುತ್ತಿರುವಾಗ ಕೆಂಪಿಗೆ ಸ್ಪಂದಿಸುವ ಕೋಶಗಳು ದಣಿಯುತ್ತವೆ. ಪಕ್ಕದ ಬಿಳಿಯ ಚುಕ್ಕೆಯಿಂದ ಬರುವ ಕೆಂಪು ಪಾಲನ್ನು ಅವು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೆದುಳೂ ಎರಡು ಬಣ್ಣ ಅಕ್ಕಪಕ್ಕ ಇದ್ದಾಗ ಅವುಗಳ ಅಂತರವನ್ನು ಹಿಗ್ಗಿಸಿಯೇ ಗ್ರಹಿಸುತ್ತದೆ. ಉಳಿಯುವುದು ಕೆಂಪಿನ ಎದುರು ಬಣ್ಣವಾದ ಹಸಿರು. ಇಲ್ಲಿ ಬೆಳಕಿನ ಅಂತರವೂ ದೊಡ್ಡದು. ಜ್ಯೇಷ್ಠೆಯ ಕಾಂತಿಮಾನ 1ರ ಆಸುಪಾಸು, ಜೊತೆಗಾರನದು 5.5; ಈ ಅಂಕಿ ಕಡಿಮೆಯಾದಷ್ಟೂ ತಾರೆ ಉಜ್ವಲ, ಹಾಗಾಗಿ ಜ್ಯೇಷ್ಠಾ ಜೊತೆಗಾರನಿಗಿಂತ ಸುಮಾರು 60 ಪಟ್ಟು ಪ್ರಕಾಶಮಾನ. ಅಂತಿಮ ತೀರ್ಪು ಕೊಟ್ಟದ್ದು ರೋಹಿತದರ್ಶಕ. ಜೊತೆಗಾರನ ಬೆಳಕನ್ನು ಬಿಡಿಸಿ ನೋಡಿದರೆ ಹೈಡ್ರೋಜನ್ ಮತ್ತು ಹೀಲಿಯಂ ಗೆರೆಗಳಿರುವ, ಬಿ ವರ್ಗದ ನೀಲಿಬಿಳಿ ತಾರೆಯ ಗುರುತುಗಳೇ ಸಿಗುತ್ತವೆ. ಹಾಗೆಂದು ಹಸಿರು ಕಂಡವರು ಸುಳ್ಳು ಬರೆದರು ಎನ್ನುವಂತಿಲ್ಲ. ಬಣ್ಣವೆಂಬುದು ಕಣ್ಣಿನ ಅನುಭವ, ತಾಪವೆಂಬುದು ತಾರೆಯ ಗುಣ. ವೀಕ್ಷಕರ ಟಿಪ್ಪಣಿಯಲ್ಲಿ ಎರಡಕ್ಕೂ ಬೇರೆಬೇರೆ ಅಂಕಣ ಇರಬೇಕು.

ಜ್ಯೇಷ್ಠಾ ಸುಮಾರು 550 ಜ್ಯೋತಿರ್ವರ್ಷ ದೂರದ ಕೆಂಪು ಮಹಾದೈತ್ಯ. ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಅದರ ಒಡಲೊಳಗೆ ಸೇರಿ, ಅದರ ಅಂಚು ಕ್ಷುದ್ರಗ್ರಹಗಳ ಪಟ್ಟಿಯನ್ನು ಮುಟ್ಟುತ್ತದೆ. 2017ರಲ್ಲಿ ಚಿಲಿಯಲ್ಲಿನ ಯುರೋಪಿಯನ್ ದೂರದರ್ಶಕಗಳ ಬೆಳಕನ್ನು ಒಟ್ಟುಗೂಡಿಸಿ ಅದರ ಮೇಲ್ಮೈಯ ನಕ್ಷೆಯನ್ನೂ ಅಲ್ಲಿ ಅನಿಲ ಮೇಲೆ ಕೆಳಗೆ ಚಲಿಸುವ ವೇಗವನ್ನೂ ಗುರುತಿಸಲಾಯಿತು. ಜೊತೆಗಾರ ಅದರ ಸುತ್ತ ಒಂದು ಸುತ್ತು ಮುಗಿಸಲು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಇಬ್ಬರ ನಡುವಿನ ದೂರ ಭೂಮಿ ಮತ್ತು ಸೂರ್ಯರ ಅಂತರದ ನಾನೂರು ಐನೂರು ಪಟ್ಟು. ಮಹಾದೈತ್ಯದಿಂದ ಎಡೆಬಿಡದೆ ಹೊರಹರಿಯುವ ಅನಿಲದ ಗಾಳಿಯಲ್ಲಿ ಜೊತೆಗಾರ ಮುಳುಗಿಯೇ ಇದೆ. ಅದರ ಪ್ರಖರ ಅತಿನೇರಳೆ ಬೆಳಕು ತನ್ನ ಸುತ್ತಲಿನ ಆ ಅನಿಲವನ್ನು ಅಯಾನುಗಳಾಗಿ ಒಡೆದು ಬೆಳಗಿಸುತ್ತದೆ.

ಆರು ಅಂಗುಲದ ಉಪಕರಣದಲ್ಲಿ ಈ ಜೋಡಿಯನ್ನು ಹಿಡಿಯಲು ಇನ್ನೂರು ಪಟ್ಟಿಗೂ ಮೇಲ್ಪಟ್ಟ ವರ್ಧನೆ ಬೇಕು. ತೀರಾ ಕತ್ತಲಾಗುವವರೆಗೆ ಕಾಯುವುದಕ್ಕಿಂತ ಮಾರ್ಚಿನ ನಸುಕು ಹರಿಯುವ ಹೊತ್ತು ಮೇಲು. ಆಗಸ ಬೆಳಗಾಗುತ್ತಿರುವಾಗ ಜ್ಯೇಷ್ಠೆಯ ಝಳ ತಗ್ಗುತ್ತದೆ, ಆದರೆ ಚುಕ್ಕೆ ಇನ್ನೂ ಉಳಿದಿರುತ್ತದೆ. ಜೊತೆಗಾರ ಆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ತಾನಾಗಿ ಬೇರ್ಪಟ್ಟು ನಿಲ್ಲುತ್ತದೆ. ಚಂದ್ರನ ಮರೆಯಾಟದ ಈಗಿನ ಸರಣಿ 2023ರಲ್ಲಿ ಶುರುವಾಗಿದ್ದು 2028ರವರೆಗೆ ನಡೆಯುತ್ತದೆ. ಯಾವ ಊರಿಗೆ ಯಾವ ದಿನ ಕಾಣುತ್ತದೆ ಎಂಬುದನ್ನು ಖಗೋಳ ಪಂಚಾಂಗಗಳಲ್ಲಿ ನೋಡಿಕೊಳ್ಳಬೇಕು. ಒಂದು ಕೈಗಡಿಯಾರ ಅಥವಾ ಮೊಬೈಲಿನ ವಿಡಿಯೊ ಇದ್ದರೆ ಬ್ಯೂರ್ಗ್ ಕಂಡ ಆ ಸೆಕೆಂಡುಗಳನ್ನು ಎಣಿಸಬಹುದು.

ಜ್ಯೇಷ್ಠೆಯ ವಾಯವ್ಯಕ್ಕೆ ಅನುರಾಧಾ ನಕ್ಷತ್ರದ ಸಾಲು. ಅದರಲ್ಲಿ ಎಲ್ಲಕ್ಕಿಂತ ಉತ್ತರದ ತಾರೆ ಬೀಟಾ ಸ್ಕಾರ್ಪಿಯೈ. 13.6 ವಿಕಲೆಯ ಅಂತರದಲ್ಲಿ 2.6 ಮತ್ತು 4.9 ಕಾಂತಿಮಾನದ ಎರಡು ನೀಲಿಬಿಳಿ ತಾರೆಗಳು. ಎರಡು ಅಂಗುಲದ ದೂರದರ್ಶಕಕ್ಕೂ ಸುಲಭ, ಹೊಸಬರಿಗೆ ಮೊದಲ ಪಾಠಕ್ಕೆ ಇದೇ ಸರಿ. ಇದೂ ಒಳಗೆ ಆರು ತಾರೆಗಳ ಕುಟುಂಬ. 1971ರ ಮೇ ತಿಂಗಳಲ್ಲಿ ಗುರುಗ್ರಹ ಇದರ ಮುಂದೆ ಹಾಯ್ದುಹೋದಾಗ, ತಾರೆಯ ಬೆಳಕು ಕುಗ್ಗಿದ ರೀತಿಯಿಂದ ಗುರುವಿನ ಮೇಲುವಾತಾವರಣವನ್ನು ಅಳೆಯಲಾಯಿತು.

ಬೀಟಾದಿಂದ ಎರಡು ಡಿಗ್ರಿಗೂ ಕಡಿಮೆ ದೂರದಲ್ಲಿ ಪೂರ್ವಕ್ಕಿರುವ ನ್ಯೂ ಸ್ಕಾರ್ಪಿಯೈ ನಾಲ್ಕನೆಯ ಕಾಂತಿಮಾನದ್ದು, ಊರ ದೀಪಗಳ ಆಚೆಗೆ ಹೋದರೆ ಬರಿಗಣ್ಣಿಗೆ ಕಾಣುತ್ತದೆ. ಇದರ ಕಥೆ ದಖ್ಖನ್ ಪ್ರಸ್ಥಭೂಮಿಯದೇ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ 1831ರಲ್ಲೇ ವಿಲಿಯಂ ಸ್ಟೀಫನ್ ಜೇಕಬ್ ಎಂಬ ಹದಿನೇಳರ ಹರೆಯದ ಎಂಜಿನಿಯರ್ ಮುಂಬಯಿಗೆ ಬಂದಿಳಿದರು. ಈ ಸೀಮೆಯ ಸ್ವಾತಂತ್ರ್ಯವನ್ನು ಹೊಸಕಿಹಾಕಿದ ಕಂಪನಿಯ ಸೈನ್ಯಕ್ಕೇ ಸೇರಿದವರು ಅವರು. ಅದನ್ನು ಮರೆಯಬೇಕಿಲ್ಲ, ಅವರು ಮಾಡಿದ ಅಳತೆಗಳನ್ನೂ ಮರೆಯಬೇಕಿಲ್ಲ. ಕೆಲವು ವರ್ಷ ತ್ರಿಕೋನಮಿತಿಯ ಸರ್ವೆಯಲ್ಲಿ ದುಡಿದ ಜೇಕಬ್ 1842ರಲ್ಲಿ ಪುಣೆಯಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಕೊಂಡರು. ಪುಣೆ ಸಂಗೊಳ್ಳಿಗಿಂತ ಮೂರು ಡಿಗ್ರಿಯಷ್ಟೇ ಉತ್ತರ. ಅಲ್ಲಿ ಕಂಡದ್ದೆಲ್ಲ ಇಲ್ಲಿಗೂ ಕಾಣುತ್ತದೆ.

ಅವರ ಬಳಿ ಇದ್ದದ್ದು ಡಾಲಂಡ್ ಕಂಪನಿಯ, ಐದು ಅಡಿ ನಾಭಿದೂರದ ದೂರದರ್ಶಕ. ಆ ಉದ್ದದ ಅಂದಿನ ಉಪಕರಣಗಳ ಮಸೂರ ಸಾಮಾನ್ಯವಾಗಿ ನಾಲ್ಕು ಅಂಗುಲದ ಆಸುಪಾಸು ಇರುತ್ತಿತ್ತು. ಇಂದು ಹವ್ಯಾಸಿಗಳು ಕೊಳ್ಳುವ ಸಣ್ಣ ದೂರದರ್ಶಕಗಳಿಗೂ ಅಷ್ಟೇ ಅಗಲ. ಭೂಮಿಯ ಅಕ್ಷಕ್ಕೆ ಸಮಾಂತರವಾದ ಆಧಾರದ ಮೇಲೆ ಅದನ್ನು ಕೂರಿಸಲಾಗಿತ್ತು, ಹಾಗಾಗಿ ಒಂದೇ ಅಕ್ಷದ ಸುತ್ತ ತಿರುಗಿಸಿ ತಾರೆಯನ್ನು ಹಿಂಬಾಲಿಸಬಹುದಿತ್ತು. ಜೋಡಿತಾರೆಗಳ ಅಳತೆಗೆ ಆ ಕಾಲದವರು ಬಳಸುತ್ತಿದ್ದದ್ದು ತಂತಿಯ ಮೈಕ್ರೋಮೀಟರ್. ಕಣ್ಣಿನ ಮಸೂರದ ನಾಭಿಯಲ್ಲಿ ಜೇಡರ ಎಳೆಯಷ್ಟು, ಅನೇಕ ಸಲ ಜೇಡರ ಎಳೆಯನ್ನೇ ಬಳಸಿದ, ಎರಡು ದಾರಗಳು. ಒಂದು ಸ್ಥಿರ, ಇನ್ನೊಂದನ್ನು ಸೂಕ್ಷ್ಮ ತಿರುಪಿನಿಂದ ಸರಿಸಬಹುದು. ಒಂದು ದಾರವನ್ನು ಮೊದಲ ತಾರೆಯ ಮೇಲೂ ಮತ್ತೊಂದನ್ನು ಎರಡನೆಯದರ ಮೇಲೂ ನಿಲ್ಲಿಸಿ, ತಿರುಪು ಎಷ್ಟು ತಿರುಗಿತೆಂದು ಓದಿದರೆ ಅಂತರ ಸಿಗುತ್ತದೆ. ಇಡೀ ಪೆಟ್ಟಿಗೆಯನ್ನು ತಿರುಗಿಸಿ, ಎರಡೂ ತಾರೆಗಳು ಒಂದೇ ದಾರದ ಗುಂಟ ಕೂರುವಂತೆ ಮಾಡಿದರೆ, ಉತ್ತರದಿಂದ ಪೂರ್ವದ ಕಡೆಗೆ ಎಣಿಸುವ ಕೋನ ಸಿಗುತ್ತದೆ. ಈ ಎರಡು ಸಂಖ್ಯೆ ಮತ್ತು ತಾರೀಖು, ಜೋಡಿತಾರೆಯ ವಿಜ್ಞಾನಕ್ಕೆ ಬೇಕಾದ ಮೂಲ ದಾಖಲೆ ಇಷ್ಟೇ. ಜೇಕಬ್ ಹೀಗೆ ಪುಣೆಯಲ್ಲಿ ನೋಡಿದ 244 ಜೋಡಿಗಳ ಪಟ್ಟಿಯನ್ನು 1848ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಗೆ ಒಪ್ಪಿಸಿದರು. ಹಲವು ಜೋಡಿಗಳ ಕಕ್ಷೆಗಳನ್ನೂ ಗಣಿಸಿದರು.

ನ್ಯೂ ಸ್ಕಾರ್ಪಿಯೈ ಜೋಡಿ ಎಂಬುದು ಹದಿನೆಂಟನೆಯ ಶತಮಾನದಿಂದಲೇ ಗೊತ್ತಿತ್ತು. 41 ವಿಕಲೆಯ ಅಂತರ, ಒಂದು ತುಸು ಉಜ್ವಲ, ಇನ್ನೊಂದು ಮಂಕು. 1847ರಲ್ಲಿ ಜೇಕಬ್ ಆ ಮಂಕು ತಾರೆಯೇ ಎರಡಾಗಿರುವುದನ್ನು ಕಂಡರು. ಅವುಗಳ ಅಂತರ ಸುಮಾರು 2.4 ವಿಕಲೆ. ಇದು ಎಷ್ಟು ಸಣ್ಣದೆಂದರೆ, ನಾಲ್ಕು ಮಿಲಿಮೀಟರ್ ಅಗಲದ ಜೋಳದ ಕಾಳೊಂದನ್ನು 340 ಮೀಟರ್ ಆಚೆಯಿಂದ ನೋಡಿದಂತೆ. ಅದೇ ವರ್ಷಗಳಲ್ಲಿ ಸಿನ್ಸಿನಾಟಿಯ ಮಿಚೆಲ್ ಕೂಡ ಇದನ್ನು ಗಮನಿಸಿದ್ದರು, ಇಂದಿನ ಪಟ್ಟಿಗಳಲ್ಲಿ ಆ ಒಳಜೋಡಿಗಿರುವುದು ಅವರ ಹೆಸರು. ಮಿಚೆಲ್ ಬಳಿ ಇದ್ದದ್ದು ಹನ್ನೊಂದು ಅಂಗುಲಕ್ಕೂ ದೊಡ್ಡ ಮಸೂರ. ಅದರ ಮೂರರಲ್ಲೊಂದು ಅಗಲದ ಗಾಜಿನಿಂದ ಪುಣೆಯಲ್ಲಿ ಅದೇ ಫಲ ಬಂದದ್ದಕ್ಕೆ ತಾರೆಯ ಎತ್ತರ, ಒಣ ಹವೆ ಮತ್ತು ನೋಡುವವರ ತಾಳ್ಮೆ ಕಾರಣ. ಮುಂದೆ 1870ರ ದಶಕದಲ್ಲಿ ಷಿಕಾಗೋ ನಗರದ ಎಸ್. ಡಬ್ಲ್ಯು. ಬರ್ನಂ ಆರು ಅಂಗುಲದ ದೂರದರ್ಶಕದಿಂದ ಉಜ್ವಲ ತಾರೆಯನ್ನೂ ಎರಡಾಗಿ ಬಿಡಿಸಿದರು. ಬರ್ನಂ ಹಗಲಿನಲ್ಲಿ ನ್ಯಾಯಾಲಯದ ಶೀಘ್ರಲಿಪಿಕಾರರಾಗಿದ್ದವರು, ರಾತ್ರಿ ಹವ್ಯಾಸಿ.

ಈಗ ಇದನ್ನು ನೋಡುವವರು ಮೆಟ್ಟಿಲು ಮೆಟ್ಟಿಲಾಗಿ ಹೋಗಬಹುದು. ಗಟ್ಟಿಯಾಗಿ ಊರಿದ ಬೈನಾಕ್ಯುಲರ್‌ನಲ್ಲಿ 41 ವಿಕಲೆಯ ಜೋಡಿ. ಮೂರು ಅಂಗುಲದ ದೂರದರ್ಶಕ, ನೂರು ಪಟ್ಟು ವರ್ಧನೆ: ಮಂಕು ತಾರೆ ಉದ್ದವಾಗಿ ಎಳೆದಂತಾಗಿ, ಗಾಳಿ ನಿಂತ ಕ್ಷಣದಲ್ಲಿ ಎರಡು ಚುಕ್ಕೆಗಳಾಗಿ ಬೇರೆಯಾಗುತ್ತದೆ. ಆರು ಅಂಗುಲದಲ್ಲಿ ಉಜ್ವಲ ತಾರೆ ಕೂಡ 1.3 ವಿಕಲೆಯ ಒಳಜೋಡಿಯಾಗಿ ಬಿರಿಯುತ್ತದೆ. ನಾಲ್ಕೂ ನೀಲಿ ಛಾಯೆಯ ಬಿಳಿ ತಾರೆಗಳಾದರೂ ಮಂಕಾದ ಜೋಡಿಯನ್ನು ಕೆಲವರ ಕಣ್ಣು ನೇರಳೆ ಎನ್ನುತ್ತದೆ, ಕೆಲವರದು ಬೂದು. ರೋಹಿತದ ಅಧ್ಯಯನದಿಂದ ಇನ್ನೂ ಹತ್ತಿರದ, ಯಾವ ದೂರದರ್ಶಕಕ್ಕೂ ಬಿಡಿಯಾಗಿ ಕಾಣದ ಜೊತೆಗಾರರು ಸೇರಿ ಇಲ್ಲಿ ಕನಿಷ್ಠ ಏಳು ತಾರೆಗಳಿವೆ ಎಂದು ತಿಳಿದಿದೆ. ಏಳು ತಾರೆಗಳ ಕುಟುಂಬಗಳು ತೀರಾ ವಿರಳ. ಇದರ ಸುತ್ತ ವಿಶಾಲವಾದ ಧೂಳಿನ ಮೋಡವೊಂದಿದ್ದು, ತಾರೆಗಳ ನೀಲಿ ಬೆಳಕನ್ನು ಪ್ರತಿಫಲಿಸುತ್ತದೆ. ದೀರ್ಘಕಾಲ ಬೆಳಕು ಹಿಡಿದ ಛಾಯಾಚಿತ್ರಗಳಲ್ಲಿ ಅದು ನೀಲಿ ಕುದುರೆಯ ಮುಖದಂತೆ ಮೂಡುತ್ತದೆ, ಕಣ್ಣಿಗೆ ಸಿಗುವುದಿಲ್ಲ.

ಇಷ್ಟು ತಾರೆಗಳು ಒಟ್ಟಿಗಿದ್ದೂ ಚದುರಿಹೋಗದಿರುವುದು ಅವುಗಳ ಅಂತಸ್ತಿನಿಂದ. ಮೂರು ತಾರೆಗಳು ಹೆಚ್ಚುಕಡಿಮೆ ಸಮಾನ ದೂರದಲ್ಲಿ ಸುತ್ತತೊಡಗಿದರೆ ಅವುಗಳ ಕಕ್ಷೆ ಕೆಡುತ್ತ ಹೋಗಿ, ಕೊನೆಗೆ ಒಂದು ತಾರೆ ಹೊರಗೆ ಎಸೆಯಲ್ಪಡುತ್ತದೆ. ಹತ್ತಿರದ ಎರಡು ಜೋಡಿಯಾಗಿ, ಆ ಜೋಡಿಯನ್ನು ಒಂದೇ ಎಂಬಂತೆ ಭಾವಿಸಿ ಬಹಳ ದೂರದಲ್ಲಿ ಮೂರನೆಯದು ಸುತ್ತಿದರೆ ಮಾತ್ರ ವ್ಯವಸ್ಥೆ ಉಳಿಯುತ್ತದೆ. ನ್ಯೂ ಸ್ಕಾರ್ಪಿಯೈಯಲ್ಲಿ ಒಳಜೋಡಿಗಳ ಅಂತರ ಭೂಮಿ ಮತ್ತು ಸೂರ್ಯರ ಅಂತರದ ನೂರಾರು ಪಟ್ಟು, ಎರಡು ಜೋಡಿಗಳ ನಡುವಿನದು ಐದು ಸಾವಿರಕ್ಕೂ ಹೆಚ್ಚು. ದೂರದರ್ಶಕದಲ್ಲಿ ಕಾಣುವ ಆ ‘ಜೋಡಿಯ ಜೋಡಿ’ ಉಳಿದುಬಂದ ವ್ಯವಸ್ಥೆಗಳ ಸಹಜ ಆಕಾರ. ವೃಶ್ಚಿಕದಲ್ಲಿ ಇವು ಇಷ್ಟೊಂದು ಇರುವುದಕ್ಕೂ ಕಾರಣವಿದೆ. ಜ್ಯೇಷ್ಠಾ, ಬೀಟಾ, ನ್ಯೂ ಇವೆಲ್ಲ ವೃಶ್ಚಿಕದಿಂದ ಸೆಂಟಾರಸ್‌ವರೆಗೆ ಹರಡಿದ, ಒಂದೇ ಮೋಡದಿಂದ ಕೆಲವೇ ಕೋಟಿ ವರ್ಷಗಳೊಳಗೆ ಹುಟ್ಟಿದ ತಾರಾಸಮೂಹದವು. ಹೆಚ್ಚು ದ್ರವ್ಯರಾಶಿಯ ಬಿಸಿ ತಾರೆಗಳು ಒಂಟಿಯಾಗಿ ಹುಟ್ಟುವುದು ಅಪರೂಪ.

ಜೇಕಬ್ 1848ರ ಡಿಸೆಂಬರಿನಲ್ಲಿ ಮದ್ರಾಸ್ ವೀಕ್ಷಣಾಲಯದ ನಿರ್ದೇಶಕರಾದರು. ಅದೇ ಸಂಸ್ಥೆ ಕೊಡೈಕನಾಲಿಗೆ ಹೋಗಿ, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಾಗಿ ಬೆಳೆದದ್ದು. ಅಲ್ಲಿದ್ದಾಗ 70 ಆಫಿಯೂಕೈ ಎಂಬ ಹಳದಿ ಮತ್ತು ಕಿತ್ತಳೆ ತಾರೆಗಳ ಜೋಡಿಯಲ್ಲಿ ಕಕ್ಷೆಯ ಲೆಕ್ಕಕ್ಕೂ ಅಳತೆಗೂ ತಾಳೆಯಾಗದ್ದನ್ನು ಗಮನಿಸಿ, 1855ರಲ್ಲಿ ಅವರು ಅಲ್ಲಿ ಕಾಣದ ಮೂರನೆಯ ಕಾಯವೊಂದು ಇರಬಹುದೆಂದು ಸೂಚಿಸಿದರು. ಬೇರೆ ನಕ್ಷತ್ರಕ್ಕೆ ಗ್ರಹವಿದೆಯೆಂಬ ವಾದಕ್ಕೆ ಅಳತೆಯ ಆಧಾರ ಕೊಡಲು ಹೊರಟ ತೀರಾ ಮೊದಲ ಪ್ರಯತ್ನ ಅದು. ಆ ಕಾಯ ಇಲ್ಲವೆಂದು ಮುಂದೆ ತಿಳಿದರೂ, ಕಕ್ಷೆಯ ಸಣ್ಣ ಓಲಾಟದಿಂದ ಕಾಣದ್ದನ್ನು ಹುಡುಕುವ ಅವರ ದಾರಿ ಸರಿಯಾಗಿಯೇ ಇತ್ತು. ಇಂದು ಅದರಿಂದಲೂ ಗ್ರಹಗಳು ಪತ್ತೆಯಾಗುತ್ತಿವೆ. ಪುಣೆಯ ಬಳಿ ಬೆಟ್ಟದ ಮೇಲೆ ಒಂಬತ್ತು ಅಂಗುಲದ ದೂರದರ್ಶಕ ಸ್ಥಾಪಿಸುವ ಯೋಜನೆಯೊಂದಿಗೆ ಭಾರತಕ್ಕೆ ಮರಳಿ ಬಂದ ಜೇಕಬ್, ಪುಣೆ ತಲುಪುತ್ತಿದ್ದಂತೆ 1862ರ ಆಗಸ್ಟ್ 16ರಂದು ತೀರಿಕೊಂಡರು.

ವೃಶ್ಚಿಕದ ಆಚೆಗೆ, ಭಾರತದಲ್ಲಿ ಪತ್ತೆಯಾದ ಇನ್ನೊಂದು ಬಣ್ಣದ ಜೋಡಿ ಆಲ್ಫಾ ಸೆಂಟಾರಿ. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದ ಜೆಸ್ಯುಯಿಟ್ ಪಾದ್ರಿ ಜ್ಯಾನ್ ರಿಶೊ ಅದು ಎರಡು ತಾರೆ ಎಂದು ಕಂಡರು. ಒಂದು ಸೂರ್ಯನಂತೆ ಹಳದಿ, ಇನ್ನೊಂದು ಕಿತ್ತಳೆ. ಸುಮಾರು 80 ವರ್ಷಕ್ಕೊಂದು ಸುತ್ತು. ಮೂರನೆಯದಾದ ಪ್ರಾಕ್ಸಿಮಾ ಕೆಂಪು ಕುಬ್ಜ, 1915ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸಿಕ್ಕಿತು, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ತಾರೆ. ಸಂಗೊಳ್ಳಿಗೆ ಆಲ್ಫಾ ಸೆಂಟಾರಿ ದಕ್ಷಿಣ ದಿಗಂತದಿಂದ 13 ಡಿಗ್ರಿಯಷ್ಟೇ ಏರುತ್ತದೆ, ಮೇ ಮಧ್ಯದಲ್ಲಿ ರಾತ್ರಿ ಹನ್ನೊಂದೂವರೆಯ ಸುಮಾರಿಗೆ. ಜೋಡಿ ಬೇರೆಯಾಗಿ ಕಾಣುತ್ತದೆ. ಬಣ್ಣವನ್ನು ಮಾತ್ರ ಅಷ್ಟು ಕೆಳಗೆ ನಂಬುವಂತಿಲ್ಲ.

ಬಣ್ಣ ನೋಡುವುದಕ್ಕೆ ಉಪಕರಣದ ಆಯ್ಕೆಯೂ ಮುಖ್ಯ. ಮಂದ ಬೆಳಕಿನಲ್ಲಿ ಕಣ್ಣು ಬಣ್ಣವರಿಯದ ದಂಡಕೋಶಗಳನ್ನು ಅವಲಂಬಿಸುತ್ತದೆ, ಅದಕ್ಕೇ ಸಣ್ಣ ದೂರದರ್ಶಕದಲ್ಲಿ ಬೂದಾಗಿದ್ದ ತಾರೆ ಎಂಟು ಅಂಗುಲದಲ್ಲಿ ಕಿತ್ತಳೆಯಾಗುತ್ತದೆ. ಅಗ್ಗದ ಮಸೂರಗಳು ಎಲ್ಲ ಬಣ್ಣವನ್ನೂ ಒಂದೇ ಬಿಂದುವಿಗೆ ತರುವುದಿಲ್ಲ, ಉಜ್ವಲ ತಾರೆಯ ಸುತ್ತ ನೇರಳೆಯ ಪರಿವೇಷ ಕಟ್ಟುತ್ತದೆ. ಕನ್ನಡಿಯ ದೂರದರ್ಶಕಕ್ಕೆ ಈ ದೋಷವಿಲ್ಲ. ನಾಭಿಯನ್ನು ಕೊಂಚ ತಪ್ಪಿಸಿ ಚುಕ್ಕೆಯನ್ನು ಸಣ್ಣ ಬಿಲ್ಲೆಯಾಗಿಸಿದರೆ ಬಣ್ಣ ತಿಳಿಯಾಗುತ್ತದೆ. ಹಗಲೆಲ್ಲ ಬಿಸಿಲುಂಡ ಎರೆಹೊಲ ಮತ್ತು ಕಾಂಕ್ರೀಟ್ ಮಾಳಿಗೆ ಬೇಸಿಗೆಯ ಮುಸ್ಸಂಜೆಯಲ್ಲಿ ಕಾವು ಬಿಡುತ್ತ ಗಾಳಿಯನ್ನು ಕದಡುತ್ತವೆ. ನಡುರಾತ್ರಿ ಮೀರಿದ ಮೇಲೆ ಅದು ತಣಿಯುತ್ತದೆ, ವೃಶ್ಚಿಕ ಮೇಲೇರುವುದೂ ಆಗಲೇ.

ಇವೆಲ್ಲವೂ ಒಟ್ಟಿಗೆ ಫಲ ಕೊಡುವ ತಾರೆ ಕ್ಸೈ ಸ್ಕಾರ್ಪಿಯೈ. ಸುಮಾರು 90 ಜ್ಯೋತಿರ್ವರ್ಷ ದೂರದ ಈ ವ್ಯವಸ್ಥೆ ಮೇಲೆ ಹೇಳಿದ ಸಮೂಹಕ್ಕೆ ಸೇರಿದ್ದಲ್ಲ, ಅದಕ್ಕಿಂತ ಬಹಳ ಹತ್ತಿರದ್ದು. ಕಡಿಮೆ ವರ್ಧನೆಯಲ್ಲಿ ಹಳದಿಬಿಳಿಯ ತಾರೆಯೊಂದು. ಏಳೂವರೆ ವಿಕಲೆ ಆಚೆ ಹಳದಿಯ ಮಂಕು ತಾರೆ. ದಕ್ಷಿಣಕ್ಕೆ ಐದು ಕಲೆಯೊಳಗೆ, 11-12 ವಿಕಲೆ ಅಂತರದ ಕಿತ್ತಳೆ ಜೋಡಿ. ಈ ಕಿತ್ತಳೆ ಜೋಡಿ ಉಳಿದವುಗಳ ಜೊತೆ ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಆಕಾಶದಲ್ಲಿ ಸರಿಯುತ್ತಿರುವುದರಿಂದ ಅದೂ ಕುಟುಂಬದ್ದೇ ಎಂದು ಸಿದ್ಧವಾಗಿದೆ. ಉಜ್ವಲ ತಾರೆಯನ್ನು ಆರು ಅಂಗುಲಕ್ಕೂ ದೊಡ್ಡ ಉಪಕರಣದಲ್ಲಿ, ಇನ್ನೂರೈವತ್ತು ಪಟ್ಟು ವರ್ಧನೆಯಲ್ಲಿ ನೋಡಿದರೆ ಅದು ಸುಮಾರು ಒಂದು ವಿಕಲೆಯ ಅಂತರದ ಎರಡು ಸಮಾನ ತಾರೆಗಳು. ಅವು ಒಂದು ಸುತ್ತಿಗೆ ತೆಗೆದುಕೊಳ್ಳುವುದು ಸುಮಾರು 46 ವರ್ಷ. 1782ರಲ್ಲಿ ವಿಲಿಯಂ ಹರ್ಷಲ್ ಮೊದಲು ಅಳೆದ ಮೇಲೆ ಐದು ಸುತ್ತು ಮುಗಿಸಿವೆ. ಹೈಸ್ಕೂಲಿನ ವಿದ್ಯಾರ್ಥಿನಿಯೊಬ್ಬಳು ಇಂದು ಅಳತೆ ಶುರುಮಾಡಿದರೆ ನಿವೃತ್ತಿಯ ಹೊತ್ತಿಗೆ ಪೂರ್ತಿ ಕಕ್ಷೆ ಅವಳ ಕೈಬರಹದಲ್ಲೇ ಇರುತ್ತದೆ. ಜೇಡರ ಎಳೆ ಈಗ ಬೇಕಿಲ್ಲ. ದೂರದರ್ಶಕಕ್ಕೆ ಸಣ್ಣ ಕ್ಯಾಮೆರಾ ಜೋಡಿಸಿ, ಸೆಕೆಂಡಿನ ನೂರರಲ್ಲೊಂದು ಭಾಗದ ನೂರಾರು ಚಿತ್ರಗಳನ್ನು ಹಿಡಿದು, ಗಾಳಿ ನಿಂತ ಕ್ಷಣದ ಚಿತ್ರಗಳನ್ನಷ್ಟೇ ಆಯ್ದು ಸರಾಸರಿ ತೆಗೆಯಲಾಗುತ್ತದೆ. ದೂರದರ್ಶಕವನ್ನು ಸರಿಸದೆ ಬಿಟ್ಟು ತಾರೆಯನ್ನು ಚಿತ್ರದ ಉದ್ದಕ್ಕೂ ಹರಿಯಗೊಟ್ಟರೆ ಆ ಗೆರೆಯೇ ಪೂರ್ವಪಶ್ಚಿಮ ದಿಕ್ಕನ್ನು ಕೊಡುತ್ತದೆ, ಬೀಟಾದ 13.6 ವಿಕಲೆಯನ್ನು ಅಳತೆಗೋಲಾಗಿ ಬಳಸಿದರೆ ಉಳಿದ ಅಂತರಗಳು ಅದರಿಂದಲೇ ಹೊರಡುತ್ತವೆ.